ಹಾಡು ದುಃಖ ಕಳೆಯೋದಿಲ್ಲ, ಯವ್ವಾ

ಯವ್ವಾ, ನಿನಗೆ ಬುದ್ಧಿ ಹೇಳಲು ಈಗ ಓಣಿಗೆ ಓಣಿಯೇ ಸಾಲುಗಟ್ಟಿದೆ. “ಹಾಡು ಹಚ್ಚಿಕೊಂಡು ಕೂಡು, ಮನಸ್ಸು ಹಗುರಾಗ್ತದ” ಅನ್ನುವವರು ಕೆಲವರು. “ಗಂಡ ಹೋಗಿ ವರ್ಷ ತುಂಬಿಲ್ಲ, ಹಾಡೇನು, ಪದವೇನು” ಅನ್ನುವವರು ಮತ್ತೆ ಕೆಲವರು. ಎರಡೂ ಗುಂಪಿನವರ ಮಾತನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡು. ನನ್ನ ಮಾತನ್ನೂ ಬೇಕಾದರೆ ಹಾಗೇ ಬಿಟ್ಟೀ, ಆದರೆ ಪೂರ್ತಿ ಕೇಳಿ ಬಿಡು. ನಿವೃತ್ತ ಮಾಸ್ತರನಿಗೆ ಅಷ್ಟಾದರೂ ಹಕ್ಕು ಇರಬೇಕಲ್ಲ.

ಫೋನಿನಲ್ಲಿ ನೀನು ಕೇಳಿದೆ: “ಕಾಕಾ, ಅವರು ಭಜನಿಯೊಳಗ ಹಾಡತಿದ್ದ ಪದ ಕಿವಿಗೆ ಬಿದ್ದರ ಎದಿ ಹಿಂಡಿದಂಗಾಗ್ತದ. ಹಾಡು ಸಮಾಧಾನ ಕೊಡ್ತದ ಅಂತಾರ. ಎಲ್ಲಿ ಅದ ಅದು?” ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಎಂದು ಈ ಕಾಗದ.

ಮೊದಲು ಒಂದು ಗಟ್ಟಿ ಮಾಡಿಕೋ. ಹಾಡು ದುಃಖ ಕಳೆಯೋದಿಲ್ಲ. ಹಣೆಗೆ ತಿಕ್ಕಿಕೊಂಡರೆ ನೋವು ಇಳಿಯಲು ಅದೇನು ಝಂಡೂ ಬಾಮ್ ಅಲ್ಲ. ಹಾಗೆ ಕಳೆಯುವುದಾಗಿದ್ದರೆ ಹಾಡು ಕಟ್ಟಿದವರೆಲ್ಲ ನಿಶ್ಚಿಂತೆಯಿಂದ ನಿದ್ದೆ ಮಾಡಬೇಕಿತ್ತು. ಬೇಂದ್ರೆಯವರನ್ನೇ ತಗೋ.

ಬೇಂದ್ರೆ 1944ರಿಂದ 1956ರವರೆಗೆ ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಕವಿತೆಯ ಮಾತು ಕನ್ನಡ. ಈ ಊರಿಗೆ ಅವರಿಗಿಂತ ಹೊಂದುವ ಪ್ರಾಧ್ಯಾಪಕರು ಹುಡುಕಿದರೂ ಸಿಗುತ್ತಿರಲಿಲ್ಲ. ಆ ಮನುಷ್ಯ ಇಲ್ಲಿಗೆ ಬರುವ ಮೊದಲೇ ಹೊಟ್ಟೆಯ ಮಕ್ಕಳನ್ನು ಮಣ್ಣಿಗೆ ಕೊಟ್ಟವರು, ಒಂದಲ್ಲ, ಹಲವು ಸಲ. ಕಣ್ಣು ಮುಚ್ಚಿದ ಕೂಸಿನ ಎದುರು ಹೆಂಡತಿಯ ನೋಟವನ್ನು ತಡೆದುಕೊಳ್ಳಲಾರದೆ ಗಂಡ ಆಡುವ ಮಾತಿನ ಆ ಕವಿತೆ 1938ರ ‘ನಾದಲೀಲೆ’ಯಲ್ಲಿದೆ. ಹೆಸರು ಹೇಳಬೇಕಿಲ್ಲ, ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಅದು ಗೊತ್ತು. ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ನಮಗೆ ಅದರ ಧಾಟಿ ಬಾಯಿಪಾಠವಾಗಿ, ಅರ್ಥ ಹಿಂದೆ ಸರಿದಿದೆ. ಒಮ್ಮೆ ಧಾಟಿ ಬಿಟ್ಟು, ಬರೀ ಕಣ್ಣಿನಿಂದ ಓದು.

ಅಲ್ಲಿ ಗಂಡ ಹೆಂಡತಿಗೆ ಉಪದೇಶ ಮಾಡುವುದಿಲ್ಲ. ಅಳಬೇಡ ಅನ್ನುವುದಿಲ್ಲ. ಅಳುವನ್ನು ತುಟಿಯಲ್ಲಿ ತಡೆದು ಹಿಡಿದವಳನ್ನು ಕಂಡು, ತಡೆಯಬೇಡ ಅನ್ನುತ್ತಾನೆ. ಅವಳ ಮುಖದ ಬಣ್ಣ ಹೇಗೆ ಆರಿಹೋಯಿತು ಎಂದು ನೋಡುತ್ತಾನೆ. ಎಲ್ಲವೂ ಧಾರವಾಡದ ಓಣಿಯ ಮಾತಿನಲ್ಲೇ. ಸಾಯಂಕಾಲ ಕಟ್ಟೆಯ ಮೇಲೆ ಕೂತು ಆಡುವ ಮಾತು ಅದು, ಆದರೆ ಒಂದು ಲಯಕ್ಕೆ ಬಿಗಿದು ಕಟ್ಟಿದ್ದು. ಆ ಮನೆಯಲ್ಲಿ ಆ ರಾತ್ರಿ ಗಂಡಹೆಂಡಿರು ಒಬ್ಬರಿಗೊಬ್ಬರು ಏನು ಹೇಳಿಕೊಂಡರೋ ಯಾರಿಗೆ ಗೊತ್ತು. ಬಹುಶಃ ಏನೂ ಹೇಳಿಕೊಂಡಿರಲಿಕ್ಕಿಲ್ಲ. ಬಾಯಿ ಬಿದ್ದುಹೋದ ಆ ಹೊತ್ತಿಗೆ ಕವಿತೆ ಬಾಯಿ ಕೊಟ್ಟಿತು. ಅವರ ದುಃಖ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಕ್ಕಿಲ್ಲ. ಕಡೆಕಾಣದೆ ಹರಡಿದ್ದು ಮಾತ್ರ ಇಷ್ಟು ನುಡಿ, ಇಷ್ಟು ಮಾತ್ರೆ ಎಂಬ ಅಳತೆಯೊಳಗೆ ಬಂತು. ಅಳತೆಗೆ ಬಂದದ್ದನ್ನು ಎತ್ತಿಕೊಂಡು ನಡೆಯಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿಸ್ತಾರ.

ಈ ಅಳತೆಯ ಗುಟ್ಟು ಬೇಂದ್ರೆಯವರಿಗಿಂತ ಮೊದಲೇ ನಮ್ಮ ಹೆಂಗಸರಿಗೆ ಗೊತ್ತಿತ್ತು. ಭೀಮೆ ದಾಟಿದರೆ ಹಲಸಂಗಿ. 1931ರಲ್ಲಿ ಆ ಹಳ್ಳಿಯ ಗೆಳೆಯರ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಮೊದಲಾದವರು ‘ಗರತಿಯ ಹಾಡು’ ಎಂದು ಪುಸ್ತಕ ತಂದರು. ಎಲ್ಲ ಬೀಸುವಾಗಿನ, ಕುಟ್ಟುವಾಗಿನ ಪದಗಳು. ನಮ್ಮ ಅಕ್ಕಲಕೋಟದ ಹಳ್ಳಿಗಳಲ್ಲೂ ಹಾಡುತ್ತಿದ್ದದ್ದು ಅವನ್ನೇ, ಅಥವಾ ಅವುಗಳ ಅಕ್ಕತಂಗಿಯರನ್ನು. ಅಲ್ಲಿಯ ತನಕ ಅದನ್ನು ಸಾಹಿತ್ಯ ಎಂದು ಕರೆದವರು ಕಡಿಮೆ. ಹಾಡುವವರೂ ಕರೆದಿರಲಿಲ್ಲ, ಅವರಿಗೆ ಅದು ಹಿಟ್ಟಿನ ಜೊತೆ ಬರುವ ಪದ.

ನನ್ನವ್ವ, ಅಂದರೆ ನಿನ್ನ ಅಜ್ಜಿ, ಬೀಸುವುದನ್ನು ನೀನು ನೋಡಿಲ್ಲ. ಕೋಳಿ ಕೂಗುವ ಮೊದಲು ಎದ್ದು, ಒಂದು ಕಾಲು ಚಾಚಿ ಇನ್ನೊಂದು ಮಡಚಿ ಕಲ್ಲಿನ ಮುಂದೆ ಕೂಡುತ್ತಿದ್ದಳು. ಬಲಗೈ ಗೂಟದ ಮೇಲೆ, ಎಡಗೈ ಜೋಳದ ಬುಟ್ಟಿಯಲ್ಲಿ. ಕಲ್ಲು ಒಂದು ಹದಕ್ಕೆ ತಿರುಗತೊಡಗಿದ ಮೇಲೆ ಪದ ಏಳುತ್ತಿತ್ತು. ತ್ರಿಪದಿ ಎಂದರೆ ಮೂರೇ ಸಾಲು, 11 ಗಣ. ಎರಡನೇ ಸಾಲಿನ ಕೊನೆಯ ತುಂಡನ್ನು ಹಾಡುವಾಗ ಮತ್ತೆ ಹಿಡಿದು ಎಳೆಯುತ್ತಾರೆ, ಆಮೇಲೆ ಮೂರನೆಯ ಗಿಡ್ಡ ಸಾಲು ಬಂದು ಕೂಡುತ್ತದೆ, ಪದ ಮುಗಿಯಿತು. ಅಷ್ಟರಲ್ಲಿ ಕಲ್ಲಿನ ಬಾಯಿ ಬರಿದಾಗಿರುತ್ತದೆ. ಒಂದು ಹಿಡಿ ಜೋಳ ಹಾಕಬೇಕು. ಮತ್ತೆ ಕಲ್ಲು, ಮತ್ತೆ ಪದ. ಅವ್ವ ಹಡೆದು ಕಳಕೊಂಡ ಕೂಸಿನ ಮೇಲೆ ಒಂದು ಪದ ಹೇಳುತ್ತಿದ್ದಳು. ಅದು ಮುಗಿದ ಮೇಲೆ ಅತ್ತಳೇನು? ಇಲ್ಲ. ಹಿಡಿ ಜೋಳ ಹಾಕಿ ಮುಂದಿನ ಪದಕ್ಕೆ ಹೋದಳು, ಆ ಪದ ತವರಿನ ಅಣ್ಣ ಕೊಂಡ ಹೊಸ ಎತ್ತಿನ ಬಗ್ಗೆ. ಅದರ ಮುಂದಿನದು ಅತ್ತೆಯನ್ನು ಕುಟುಕುವುದು. ಇದು ಕಲ್ಲೆದೆ ಅಂತ ಚಿಕ್ಕಂದಿನಲ್ಲಿ ನನಗೆ ಅನ್ನಿಸುತ್ತಿತ್ತು. ಕೂಸು, ಎತ್ತು, ಅತ್ತೆ, ಮೂರಕ್ಕೂ ಒಂದೇ ಧಾಟಿ, ಒಂದೇ ಅಳತೆ. ದುಃಖಕ್ಕೆ ಮೂರು ಸಾಲಿಗಿಂತ ಹೆಚ್ಚು ಜಾಗ ಕೊಡಲು ಅವಳಿಗೆ ಪುರಸೊತ್ತಿರಲಿಲ್ಲ ಅನ್ನಬಹುದು. ಆದರೆ ದಿನಾ ಬೆಳಿಗ್ಗೆ ಆ ಮೂರು ಸಾಲು ಅದಕ್ಕೆ ತಪ್ಪದೆ ಸಿಗುತ್ತಿತ್ತು, ಅವಳು ಬದುಕಿರುವ ತನಕ. ನಮಗೆ ಸಿಗುವುದು ಏನು? ಹದಿಮೂರು ದಿನ ಮಂದಿ ಬರುತ್ತಾರೆ, ಆಮೇಲೆ “ಇನ್ನ ಸಾಕು, ಗಟ್ಟಿಯಾಗು” ಅನ್ನುತ್ತಾರೆ.

ಈಗ ಬೀಸುಕಲ್ಲು ಇಲ್ಲ, ಗಿರಣಿಗೆ ಡಬ್ಬಿ ಕಳಿಸುತ್ತೇವೆ. ಬೀಸುಕಲ್ಲು ತಿರುಗಿ ಬರಲಿ ಎಂದು ಅಳುವವನು ನಾನಲ್ಲ. ಅವ್ವನ ಅಂಗೈಯ ಗುಳ್ಳೆ ಕಂಡವನು. ಆದರೆ ಕೈಗೆ ಕೆಲಸ, ಬಾಯಿಗೆ ಪದ, ಎರಡೂ ಒಟ್ಟಿಗೆ ಇದ್ದ ಆ ವ್ಯವಸ್ಥೆ ಶಹಾಣತನದ್ದು. ನಿನ್ನ ಕೈಯಲ್ಲಿ ಹೊಲಿಗೆ ಇದೆ. ಶಾಲೆಯ ಯುನಿಫಾರ್ಮು ಹೊಲಿದು ಹೊಲಿದು ನಿನ್ನ ಕಾಲಿಗೆ ಮಶಿನ್ನಿನ ಲಯ ಕೂತುಬಿಟ್ಟಿದೆ. ಅದನ್ನು ಹಗುರ ಎಂದು ತಿಳಿಯಬೇಡ. ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದ ಅವನ ಅಂಗಿಗಳನ್ನು ಯಾವಾಗಲಾದರೂ, ನಿನಗೆ ಮನಸ್ಸು ಬಂದಾಗ, ಕತ್ತರಿಸಿ ಕೌದಿಗೆ ಹಾಕು. ಮಶಿನ್ನಿನಲ್ಲಿ ಅಲ್ಲ, ಕೈಯಲ್ಲಿ, ಸಾಲು ಸಾಲಾಗಿ. ಆರು ತಿಂಗಳು ಹಿಡಿಯಲಿ. ಕೌದಿ ಹೊಲಿಯುವವಳನ್ನು ಯಾರೂ ಮಾತಾಡಿಸಿ ಕಾಡುವುದಿಲ್ಲ, ಅದೂ ಒಂದು ಲಾಭ.

“ನನಗ ಪದ ಕಟ್ಟಾಕ ಬರಂಗಿಲ್ಲ, ನಾ ಕಲಿತದ್ದು ಮರಾಠಿ ಶಾಳೀ” ಎಂದು ನೀನು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕಲಿತದ್ದೂ ಮರಾಠಿಯಲ್ಲಿ. 1912ರಲ್ಲಿ ಹುಟ್ಟಿದ ಹೆಣ್ಣುಮಗಳು, ಕನ್ನಡವನ್ನು ತಾನಾಗಿ ಕಲಿತು ಸಿದ್ಧರಾಮನ ಕತೆಯನ್ನು ಮಹಾಕಾವ್ಯವಾಗಿ ಬರೆದರು. ಅದಕ್ಕೆ ಆರಿಸಿಕೊಂಡದ್ದು ಯಾವ ಛಂದಸ್ಸು? ಇದೇ ಬೀಸುಕಲ್ಲಿನ ತ್ರಿಪದಿ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠಕ್ಕೆ ಮೊದಲ ಹೆಣ್ಣುಮಗಳು. ನೀನು ಮಹಾಕಾವ್ಯ ಬರೆ ಎಂದು ನಾನು ಹೇಳುತ್ತಿಲ್ಲ, ಹೆದರಬೇಡ. ಬರೆದದ್ದನ್ನು ಯಾರಿಗೂ ತೋರಿಸಲೂ ಬೇಡ. ಮುಖ್ಯವಾಗಿ, ಬರೆದ ರಾತ್ರಿಯೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡ. ನಲವತ್ತು ಮಂದಿ ಕೈಮುಗಿದ ಚಿತ್ರ ಕಳಿಸುತ್ತಾರೆ, ಅಲ್ಲಿಗೆ ಅದರ ಕತೆ ಮುಗಿಯುತ್ತದೆ.

ಇನ್ನು ಹಾಡು ಕೇಳಿದರೆ ಎದೆ ಹಿಂಡುತ್ತದೆ ಎಂದೆ. ಹಿಂಡಲಿ. ಅವನ ಪದ ಕೇಳಲಾಗದಿದ್ದರೆ ಸದ್ಯ ಬೇರೆಯವರ ಪದ ಕೇಳು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ, ಕುಮಾರ ಗಂಧರ್ವ ಎಂದರೆ ನಿನಗೆ ಗೊತ್ತಾದೀತು, ಹಾಡಲು ಹುಟ್ಟಿದವನಂತೆ ಹಾಡುತ್ತಿದ್ದ. ಹರೆಯದಲ್ಲೇ ಕ್ಷಯ ಹಿಡಿಯಿತು. ಹಾಡಿದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿದ. ಹೆಂಡತಿ ಭಾನುಮತಿ ಆರೈಕೆ ಮಾಡಿದಳು. ಹಾಡದ ಆ ವರ್ಷಗಳಲ್ಲಿ ಅವನು ಮಾಡಿದ ಕೆಲಸ ಒಂದೇ, ಮಾಳವದ ಹಳ್ಳಿ ಹೆಂಗಸರು ಹಾಡುತ್ತ ಹೋಗುವ ಪದಗಳನ್ನು ಮಲಗಿದಲ್ಲೇ ಕೇಳುವುದು. ಎದ್ದು ಮತ್ತೆ ವೇದಿಕೆ ಹತ್ತಿದಾಗ ಆ ಪದಗಳೊಳಗಿಂದ ತೆಗೆದ ಹೊಸ ರಾಗಗಳು ಅವನ ಗಂಟಲಲ್ಲಿದ್ದವು. 1961ರಲ್ಲಿ ಆ ಭಾನುಮತಿಯೂ ತೀರಿಹೋದಳು. ಅವನು ಹಾಡುವುದು ಬಿಡಲಿಲ್ಲ. ಅವನ ಕಬೀರ ಭಜನೆಗಳನ್ನು ಕೇಳು, ಮೊಬೈಲಿನಲ್ಲೇ ಸಿಗುತ್ತವೆ. ದನಿ ಒಮ್ಮೆ ಮೇಲೆ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಆ ನಿಂತ ಜಾಗದಲ್ಲಿ ಏನಿದೆ ಎಂದು ಕಿವಿಗೊಟ್ಟು ಕೇಳು.

ಮೊಬೈಲ್ ಎಂದಾಗ ನೆನಪಾಯಿತು. ಅದರಲ್ಲಿ ನಿನ್ನ ಗಂಡನ ಫೋಟೋ, ವಿಡಿಯೊ ನೂರಾರಿವೆ, ಒಂದನ್ನೂ ತೆಗೆದು ನೋಡಲಾಗುತ್ತಿಲ್ಲ ಎಂದಿದ್ದೆ. ನಮ್ಮ ಜಿಲ್ಲೆಯ ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ.ಎಫ್. ಹುಸೇನರಿಗೆ ಇದರ ತಿರುವುಮುರುವು ಸಂಕಟ. ಹಾಲು ಕುಡಿಯುವ ವಯಸ್ಸಿನಲ್ಲೇ ತಾಯಿ ಹೋದಳು. ಒಂದು ಫೋಟೋ ಇರಲಿಲ್ಲ, ಮುಖ ನೆನಪಿರಲಿಲ್ಲ. ಜೀವಮಾನವಿಡೀ ಹೆಂಗಸರನ್ನು ಬರೆದರು. ಮದರ್ ತೆರೇಸಾ ಚಿತ್ರಗಳನ್ನು ನೀನೂ ನೋಡಿರುತ್ತೀ: ನೀಲಿ ಅಂಚಿನ ಬಿಳಿ ಸೀರೆ, ಮಡಿಲು, ಕೈ, ಎಲ್ಲ ಇದೆ, ಮುಖ ಮಾತ್ರ ಇಲ್ಲ. ತಾಯಿಯ ಮುಖ ಗೊತ್ತಿಲ್ಲದವನು ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದ. ನಿನ್ನ ನೂರಾರು ಫೋಟೋ ಅಲ್ಲೇ ಇರಲಿ, ಅಳಿಸಬೇಡ, ನೋಡಲೂ ಬೇಡ. ಅವನನ್ನು ನೋಡಬೇಕು ಅನ್ನಿಸಿದಾಗ ಕಣ್ಣು ಮುಚ್ಚಿ ಅವನ ಕೈಯನ್ನು ನೆನೆ, ತಾಳ ಹಿಡಿಯುತ್ತಿದ್ದ ಬೆರಳನ್ನು ನೆನೆ. ಫೋನಿನಲ್ಲಿ ಅದು ಇರಲಿಕ್ಕಿಲ್ಲ, ನಿನ್ನ ಹತ್ತಿರ ಇದೆ.

ಈಗ ಆ ಎರಡನೇ ಗುಂಪಿನವರ ಮಾತು, “ಗಂಡ ಸತ್ತವಳಿಗೆ ಹಾಡೇನು?” ಸಿಟ್ಟು ಬರುತ್ತದೆ ನನಗೆ. ಇದನ್ನು ಹೇಳುವವರು ಯಾವ ನೆಲದ ಮೇಲೆ ನಿಂತು ಹೇಳುತ್ತಿದ್ದಾರೆ ಅನ್ನುವುದಾದರೂ ಗೊತ್ತೇ? ಸೊಲ್ಲಾಪುರ ಎಂಬ ಊರೇ ಒಬ್ಬ ಹುಡುಗನ ಅಳುವಿನ ಮೇಲೆ ಕಟ್ಟಿದ್ದು. ರಾಘವಾಂಕನ ಸಿದ್ಧರಾಮ ಚರಿತ್ರೆ ಓದು. ದನ ಕಾಯುವ ಹುಡುಗ, ಹೊಲಕ್ಕೆ ಬಂದ ಮಲ್ಲಯ್ಯ ಎಂಬ ಜಂಗಮನನ್ನು ಕಂಡು ಜೀವ ಹಚ್ಚಿಕೊಂಡ. ಅವನಿಗೆ ಉಣ್ಣಲು ತರಲೆಂದು ಮನೆಗೆ ಓಡಿ ತಿರುಗಿ ಬರುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತ ಶ್ರೀಶೈಲದ ತನಕ ನಡೆದ. ಅಲ್ಲಿ ಕೊಳ್ಳಕ್ಕೆ ಹಾರಲು ಹೊರಟವನನ್ನು ಮಲ್ಲಿಕಾರ್ಜುನ ಕೈಹಿಡಿದು ಉಳಿಸಿ ಊರಿಗೆ ಕಳಿಸಿದ. ಊರಿಗೆ ಬಂದು ಆ ಹುಡುಗ ಮಾಡಿದ್ದೇನು? ಕೆರೆ ಕಟ್ಟಿಸಿದ, ಲಿಂಗಗಳನ್ನು ಸ್ಥಾಪಿಸಿದ, ವಚನ ಬರೆದ. ಬರೆದ ಒಂದೊಂದು ವಚನದ ಕೊನೆಗೂ ಅಂಕಿತ, ಕಪಿಲಸಿದ್ಧ ಮಲ್ಲಿಕಾರ್ಜುನ. ಹೊಲದಲ್ಲಿ ಕಳಕೊಂಡವನ ಹೆಸರನ್ನು ಅವನು ಕೊನೆಯ ತನಕ ಕರೆಯುವುದು ನಿಲ್ಲಿಸಲಿಲ್ಲ. ಯಾರೂ ಅವನಿಗೆ “ಇನ್ನ ಸಾಕು” ಅನ್ನಲಿಲ್ಲ ನೋಡು.

ಆ ಸಿದ್ಧರಾಮನ ಗಡ್ಡಾ ಜಾತ್ರೆ ಸಂಕ್ರಾಂತಿಗೆ. ಹುಟ್ಟಿದಾಗಿನಿಂದ ನೋಡಿದ್ದೀ, ಆದರೆ ಈ ವರ್ಷ ಬೇರೆ ಕಣ್ಣಿನಿಂದ ನೋಡು. ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದ ಕುಂಬಾರರ ಹುಡುಗಿಗೆ, ನನ್ನ ಯೋಗದಂಡದ ಜೊತೆ ಮದುವೆಯಾಗು ಎಂದನಂತೆ ಅವನು. ಅದಕ್ಕೇ ಬಾರಾಬಂದಿ ತೊಟ್ಟವರು ಏಳು ನಂದಿಕೋಲು ಹೊತ್ತು ಸಮ್ಮತಿ ಕಟ್ಟೆಗೆ ಬರುತ್ತಾರೆ, ಲಕ್ಷ ಜನ ಅಕ್ಷತೆ ಹಿಡಿದು ನಿಲ್ಲುತ್ತಾರೆ. ಮರಾಠಿ, ತೆಲುಗು, ಉರ್ದು ಎಲ್ಲ ಆಡುವ ಊರು. ಸಮ್ಮತಿ ಓದುವುದು ಮಾತ್ರ ಕನ್ನಡದಲ್ಲಿ. ಅಕ್ಷತೆ ಬೀಳುತ್ತದೆ. ಮರುದಿನ ಹೋಮ ಮೈದಾನದಲ್ಲಿ ಅದೇ ಹುಡುಗಿಯ ಹೆಸರಿನಲ್ಲಿ ಬೆಂಕಿ. ಕತೆಯ ಈ ಬೆಂಕಿಯ ಭಾಗ ನನಗೆ ಎಂದೂ ಹಿಡಿಸಿಲ್ಲ. ಹುಡುಗಿಯರು ಬೆಂಕಿಗೆ ಬೀಳುವ ಕತೆಗಳನ್ನು ಯಾರು ಯಾಕೆ ಕಟ್ಟಿದರು ಎಂದು ಶಾಲೆಯಲ್ಲೂ ಕೇಳಿ ಮಂದಿಯಿಂದ ಬೈಸಿಕೊಂಡಿದ್ದೇನೆ. ಆದರೆ ಊರು ಏನು ಮಾಡುತ್ತದೆ ನೋಡು. ವರ್ಷಾ ವರ್ಷಾ ಅವಳ ಮದುವೆಯನ್ನು ಹೊಸದಾಗಿ ಮಾಡುತ್ತದೆ. ಮದುವೆ, ಸಾವು ಎರಡನ್ನೂ ಬಾಜಾಬಜಂತ್ರಿಯೊಂದಿಗೆ ಬೀದಿಯಲ್ಲಿ ಮಾಡುತ್ತದೆ, ಒಳಮನೆಯಲ್ಲಿ ಮುಚ್ಚಿ ಅಲ್ಲ.

ಮೊಹರಂ ಬಂದಾಗ ಮತ್ತೆ ಇದೇ. ಈ ಗಡಿಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ ಹಾಡುವವರಲ್ಲಿ ಯಾರು ಮುಸಲ್ಮಾನರು, ಯಾರು ಲಿಂಗವಂತರು ಎಂದು ದನಿ ಕೇಳಿ ಹೇಳಲಾಗದು. 680ನೇ ಇಸವಿಯಲ್ಲಿ ದೂರದ ಕರ್ಬಲಾದಲ್ಲಿ ಸತ್ತವರಿಗಾಗಿ ಕನ್ನಡದಲ್ಲಿ ಅಳುತ್ತಾರೆ. ಅದರಲ್ಲಿ ಕಾಸಿಮನ ಪದ ಬರುತ್ತದೆ, ಮದುಮಗನಾಗಿಯೇ ಯುದ್ಧಕ್ಕೆ ಹೋಗಿ ತಿರುಗಿ ಬಾರದವನದು. ಹಿಂದೆ ಉಳಿದ ಮದುಮಗಳ ಪರವಾಗಿ ಅಳುವವರು ಮೀಸೆ ಹೊತ್ತ ಗಂಡಸರು. ನಮ್ಮ ನೆಲಕ್ಕೆ ಎರಡು ಕಡೆಯಿಂದಲೂ ಬಂದದ್ದು ಮದುವೆ ಮುರಿದ ಹುಡುಗಿಯ ಕತೆಯೇ, ಎರಡನ್ನೂ ಹಾಡಿಗೆ ಕಟ್ಟಿಕೊಂಡಿದೆ. ಅಂಥ ನೆಲದಲ್ಲಿ ನಿನ್ನ ಬಾಯಿಗೆ ಬೀಗ ಹಾಕುವವರು ಯಾರು? ಮುಂದಿನ ಸಲ ಆ ಮಾತು ಆಡಿದವರಿಗೆ ನನ್ನ ಹೆಸರು ಹೇಳಿ ಅಕ್ಕಲಕೋಟಕ್ಕೆ ಕಳಿಸು. ಗುರುವಾರ ಒಂದು ಬಿಟ್ಟು. ಅವತ್ತು ಸ್ವಾಮಿ ಸಮರ್ಥರ ವಟವೃಕ್ಷದ ಕಡೆ ಕಾಲಿಡಲೂ ಜಾಗವಿರುವುದಿಲ್ಲ, ಸಮಾಧಾನವಾಗಿ ಜಗಳಾಡಲು ಆಗುವುದಿಲ್ಲ.

ಭಜನೆ ಮೇಳದವರು ನಿನ್ನನ್ನು ಕರೆಯಲು ಹಿಂಜರಿಯುತ್ತಿದ್ದಾರೆ, ಮುಖಂಡರು ನನ್ನ ಹತ್ತಿರ ಅಂದರು. ಅವನ ಜಾಗ ಖಾಲಿ ಬಿಟ್ಟಿದ್ದಾರಂತೆ. ಆ ಜಾಗದಲ್ಲಿ ನೀನು ಕೂಡಬೇಕಿಲ್ಲ, ಅವನ ಪದವನ್ನೂ ಹಾಡಬೇಕಿಲ್ಲ. ಹಿಂದಿನ ಸಾಲಿನಲ್ಲಿ ಕೂತು ತಾಳ ಹಿಡಿ. ಕಡಕೋಳ ಮಡಿವಾಳಪ್ಪನವರ ಪದ ಹಿಡಿಯಲು ಹೇಳಿದ್ದೇನೆ. ಅವರ ಪದಗಳಲ್ಲಿ ಸಾವಿನ ಮಾತು ಬಹಳ, ಆದರೆ ಹುಸಿ ಸಮಾಧಾನ ಇಲ್ಲ. ಪಲ್ಲವಿ ಎಲ್ಲರೂ ಎತ್ತಿಕೊಳ್ಳುವಾಗ ನಿನ್ನ ದನಿ ಹೊರಟರೆ ಹೊರಡಲಿ, ಹೊರಡದಿದ್ದರೆ ಮೇಳದ ದನಿ ಇದ್ದೇ ಇದೆ. ನಡುವೆ ಅಳು ಬಂದರೆ ತಾಳ ತಪ್ಪುತ್ತದೆ, ತಪ್ಪಲಿ. ಪಕ್ಕದವರು ಸರಿ ಮಾಡಿಕೊಳ್ಳುತ್ತಾರೆ, ಅವರಿಗೆ ರೂಢಿ ಇದೆ. ಆ ಮೇಳದಲ್ಲಿ ಯಾರನ್ನೂ ಕಳಕೊಳ್ಳದವರು 
ಒಬ್ಬರೂ ಇಲ್ಲ.

‘ಗರತಿಯ ಹಾಡು’ ಪ್ರತಿ ನನ್ನ ಹತ್ತಿರ ಇದೆ, ರಟ್ಟು ಹೋಗಿದೆ, ಹಾಳೆ ಸರಿ ಇವೆ. ‘ನಾದಲೀಲೆ’ ಸಹ ತೆಗೆದಿಟ್ಟಿದ್ದೇನೆ. ರವಿವಾರ ಎಸ್‌ಟಿ ಬಸ್ಸಿಗೆ ಬಂದು ಒಯ್ಯಿ. ಬರುವಾಗ ಸೊಲ್ಲಾಪುರದಿಂದ ಶೇಂಗಾ ಚಟ್ನಿ ತರುವುದು ಮರೆಯಬೇಡ, ಖಾರದ್ದು. ನಿಮ್ಮ ಕಾಕೂಗೆ ಡಾಕ್ಟರು ಖಾರ ಬೇಡ ಅಂದಿದ್ದಾರೆ, ಅದಕ್ಕೇ ಎರಡು ಪೊಟ್ಟಣ ತಾ, ಒಂದನ್ನು ಅವಳ ಕಣ್ಣಿಗೆ ಬೀಳದಂತೆ ನನ್ನ ಕೈಗೆ ಕೊಡು.